ಬಿರುಕಿಗೆ ಕಾಗದ ಅಂಟಿಸಿದ ಬೆಟ್ಟಸ್ವಾಮಿ

ದ್ಯಾವೀರಮ್ಮನಿಗೆ ಒಬ್ಬನೇ ಮಗ, ಬೆಟ್ಟಸ್ವಾಮಿ. ಒಬ್ಬನೇನಾ ಅಂತ ಕೇಳಬೇಡಿ, ಅಂಥವನು ಒಬ್ಬ ಸಾಕು. ಎರಡು ಮೂಟೆ ಅಕ್ಕಿ ಒಟ್ಟಿಗೆ ಹೊರೋ ಆಳು, ಅವ್ವನ ಮಾತು ಮೀರೋನಲ್ಲ. ಕಷ್ಟ ಇದ್ದಿದ್ದೇ ಅಲ್ಲಿ. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು, ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ, ಉಕ್ಕಿ ಚೆಲ್ಲಿ ಒಲೆ ಆರಿ ಹೋಗೋವರೆಗೂ ನೋಡಿ, ಉಕ್ಕಿತು ಕಣವ್ವ ಅಂತ ಬಂದು ಹೇಳೋನು.

ದ್ಯಾವೀರಮ್ಮನದು ನಮ್ಮ ಪೇಟೆ ಬಸ್ ಸ್ಟ್ಯಾಂಡ್ ಪಕ್ಕ ಇಡ್ಲಿ ಹೋಟ್ಲು. ಹೋಟ್ಲು ಅಂದರೆ ಎರಡು ಬೆಂಚು, ಒಂದು ಒಲೆ, ಅಷ್ಟೇ. ಮೂವತ್ತು ವರ್ಷ ಆ ಒಲೆ ಮುಂದೆ ನಿಂತೂ ನಿಂತೂ ಮಂಡಿ ಸೋತು ಹೋಗಿತ್ತು. ಅವಳಿಗೆ ಕೂತರೂ ಅದೇ ಯೋಚನೆ, ನಿಂತರೂ ಅದೇ ಯೋಚನೆ: ನಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಅನ್ನ ಹಾಕೋರು ಯಾರು? ಕೂಡಿಟ್ಟ ದುಡ್ಡಲ್ಲಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ, ಬಾಡಿಗೆ ಈಸ್ಕೊಳ್ಳೋಕೆ ಬುದ್ಧಿ ಬೇಕಾಗಿಲ್ಲ, ತಿಂಗಳಾದರೆ ತಾನೇ ಬರುತ್ತೆ ಅಂತ ಅವಳು ಅಂದುಕೊಂಡಳು. ಇಲ್ಲಿ ಬಾಡಿಗೆ ಮನೆ ಇಟ್ಟಿರೋರು ಯಾರಾದರೂ ಇದ್ದರೆ ನಗಬೇಡಿ, ಪಾಪ, ಅವಳಿಗೆ ಗೊತ್ತಿರಲಿಲ್ಲ. ಆದರೆ ಒಂದು ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದು ಒಂದೇ ಸಲ ಕೊಳ್ಳೋ ಮನೆ. ಕೊಂಡಿದ್ದು ಹಾಳು ಮನೆ ಆದರೆ ಮಗ ಬೀದಿಗೆ ಬಿದ್ದ ಅಂತಲೇ ಲೆಕ್ಕ.

ಕೆರೆ ಬೀದೀಲಿ ಒಂದು ಮನೆ ಮಾರಾಟಕ್ಕಿದೆ ಅಂತ ಗೊತ್ತಾಯ್ತು. ಹೋಟ್ಲು ಬಿಟ್ಟು ಹೋಗೋಕಾಗದೆ, ಮನೆ ನೋಡ್ಕಂಡು ಬಾ ಅಂತ ಮಗನ್ನ ಕಳಿಸಿದಳು. ಹೋದ, ಎದುರುಗಡೆ ಹೊಂಗೆ ಮರದ ಕೆಳಗೆ ನಿಂತ, ಮಧ್ಯಾಹ್ನದವರೆಗೂ ಮನೆ ನೋಡಿದ, ಬಂದ. ಎಷ್ಟು ರೂಮಪ್ಪ ಅಂದರೆ ಗೊತ್ತಿಲ್ಲ. ನೀರು ಬರುತ್ತಾ ಅಂದರೆ ಗೊತ್ತಿಲ್ಲ. ಮತ್ತೆ ಏನು ನೋಡಿದೆ ಅಂದರೆ, ನೀನು ಹೇಳಿದ್ಯಲ್ಲ, ಮನೆ ನೋಡ್ದೆ ಅಂದ. ದ್ಯಾವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. ಮನೆ ನೋಡೋದಕ್ಕೂ ಒಂದು ವಿದ್ಯೆ ಬೇಕು, ಮನೆ ಕಟ್ಟೋರನ್ನ ಕೇಳಬೇಕು ಅಂತ ಮಗನ್ನ ಕರಕೊಂಡು ಅಂದಾನಿ ಮೇಸ್ತ್ರಿ ಹತ್ತಿರ ಹೋದಳು.

ಅಂದಾನಿ ಮೇಸ್ತ್ರಿ ನಮ್ಮ ಪೇಟೆಯ ಅರ್ಧ ಮನೆಗಳ ಕಂಟ್ರಾಕ್ಟ್ ಮಾಡಿದೋನು. ದಿನಾ ಬೆಳಗ್ಗೆ ಅವಳ ಅಂಗಡೀಲೇ ನಾಲ್ಕು ಇಡ್ಲಿ ತಿನ್ನೋನು, ಇಲ್ಲ ಅನ್ನೋಕಾಗುತ್ತಾ? ಆದರೆ ಕೈತುಂಬ ಕೆಲಸ. ಕಟ್ಟಡಕ್ಕೆ ಕಟ್ಟಿದ ಸಾರವೆ ಮೇಲಿಂದ ಇಳಿಯೋಕೂ ಪುರುಸೊತ್ತಿಲ್ಲ, ಕೆಳಗೆ ನಿಂತಿದ್ದ ಬೆಟ್ಟಸ್ವಾಮಿಗೆ ಅಲ್ಲಿಂದಲೇ ಹೇಳಿದ. ಗೋಡೇನ ಬೆರಳ ಗೆಣ್ಣಿನಿಂದ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಗಾರೆ ಚೆನ್ನಾಗಿದೆ, ಟೊಳ್ಳು ಸದ್ದು ಬಂದರೆ ಬೇಡ. ಒಂದು ಗೋಡೆನೂ ಬಿಡಬೇಡ.

ಬೆಟ್ಟಸ್ವಾಮಿ ಒಂದು ಗೋಡೆನೂ ಬಿಡಲಿಲ್ಲ. ಅವ್ವನ ಹೋಟ್ಲಿಂದಲೇ ಶುರು ಮಾಡಿದ. ಔಷಧಿ ಅಂಗಡಿ ತಟ್ಟಿದ, ಪಶು ಆಸ್ಪತ್ರೆ ತಟ್ಟಿದ, ವಕೀಲರ ಮನೆ ತಟ್ಟಿದ. ಯಾರೋ ಕರೀತಾವ್ರೆ ಅಂತ ಎಲ್ಲರೂ ಬಾಗಿಲು ತೆಗೆದು ಬಂದರು. ಯಾರು ಬೇಕಪ್ಪ ಅಂದರೆ ಯಾರೂ ಬೇಡ ಅನ್ನೋನು. ಮತ್ತೆ ಯಾಕೆ ತಟ್ಟಿದೆ ಅಂದರೆ, ನಿಮ್ಮದು ಟೊಳ್ಳು, ಬೇಡ ಅಂದುಬಿಟ್ಟು ಮುಂದಕ್ಕೆ ಹೋಗೋನು. ಹೊತ್ತು ಇಳಿಯೋ ಹೊತ್ತಿಗೆ ಹಿಂದೆ ಮೂವತ್ತು ಜನ. ಕೆರೆ ಬೀದಿ ಇನ್ನೂ ಎರಡು ಬೀದಿ ಆಚೆ ಇತ್ತು.

ಅವತ್ತು ದ್ಯಾವೀರಮ್ಮ ಮೂವತ್ತು ಜನಕ್ಕೂ ಕೈಮುಗಿದಳು. ಆಮೇಲೆ ಮಗನಿಗೆ ಮಂಗಳಾರತಿ ಮಾಡಿದಳು. ಊರೋರ ಗೋಡೆ ಕಟ್ಟಿಕೊಂಡು ನಿನಗೇನು, ಕೊಳ್ಳೋ ಮನೆಗೆ ಹೋಗು, ಅಲ್ಲಿ ಮಾತ್ರ ಮಾಡು ಅಂದಳು. ಅಷ್ಟರಲ್ಲಿ ಕೆರೆ ಬೀದಿ ಮನೆ ಬೇರೆಯವರ ಪಾಲಾಗಿತ್ತು. ಇನ್ನೊಂದು ಮನೆ ಸಿಕ್ಕಿತು, ರಿಟೈರಾದ ಟೀಚರು ಕೆಂಪನಂಜಮ್ಮ ಅವರದು. ಮೇಸ್ತ್ರಿ ಈ ಸಲ ಬೇರೆ ವಿದ್ಯೆ ಹೇಳಿಕೊಟ್ಟ. ತಾರಸಿ ಮನೆ ಆದರೆ ಗೋಡೆಗಿಂತ ತಾರಸಿ ಮುಖ್ಯ, ನೀರು ಹೋಗೋ ತೂತಿಗೆ ಬಟ್ಟೆ ತುರುಕಿ, ಗೇಣುದ್ದ ನೀರು ನಿಲ್ಲಿಸಿ, ಕೆಳಗೆ ಒಸರುತ್ತಾ ನೋಡಬೇಕು.

ಕೊಳ್ಳೋ ಮನೆಗೇ ಹೋದ, ಅಲ್ಲಿ ಮಾತ್ರ ಮಾಡಿದ. ಟೀಚರಮ್ಮ ಒಳಗೆ ಸ್ನಾನಕ್ಕೆ ಹೋಗಿದ್ದರು. ಮೇಲೆ ತಾರಸಿ ತುಂಬ ಅರಳು ಸಂಡಿಗೆ ಒಣ ಹಾಕಿದ್ದರು, ಮಗಳ ಮದುವೆಗೆ ಅಂತ ಮೂರು ದಿನ ಕೂತು ಇಟ್ಟಿದ್ದು. ಸಂಡಿಗೆ ಇದ್ದರೆ ಏನು ಮಾಡಬೇಕು ಅಂತ ಮೇಸ್ತ್ರಿ ಹೇಳಿರಲಿಲ್ಲವಲ್ಲ. ತೂತಿಗೆ ಬಟ್ಟೆ ತುರುಕಿದ, ಸಂಪಿನಿಂದ ಕೊಡ ಕೊಡ ಹೊತ್ತು ಸುರಿದ. ನೀರು ಗೇಣುದ್ದ ಏರಿತು, ಸಂಡಿಗೆ ತೇಲಿತು, ಆಮೇಲೆ ಕರಗಿ ಗಂಜಿ ಆಯ್ತು. ಕೆಳಗೆ ಬಂದು ಛಾವಣಿ ನೋಡಿದ. ಒಂದು ಹನಿ ಇಲ್ಲ. ಸ್ನಾನ ಮುಗಿಸಿ ಬಂದ ಟೀಚರಮ್ಮನಿಗೆ ಹಲ್ಲು ಕಿರಿದು ಹೇಳಿದ, ಒಳ್ಳೇ ಮನೆ ಟೀಚರೇ, ನಾವು ತಗೋತೀವಿ ಅಂತ. ಟೀಚರಮ್ಮ ಮೇಲೆ ಹೋಗಿ ನೋಡಿ ಬಂದರು. ಮನೆ ಕುಸಿದು ಬಿದ್ದರೂ ನಿಮಗೆ ಮಾತ್ರ ಮಾರಲ್ಲ ಅಂತ ಅವತ್ತೇ ಹೋಟ್ಲಿಗೆ ಬಂದು ಹೇಳಿ ಹೋದರು.

ಒಳ್ಳೇ ಮನೆ ಕೈತಪ್ಪಿತಲ್ಲ ಅಂತ ದ್ಯಾವೀರಮ್ಮನಿಗೆ ಹೊಟ್ಟೆ ಉರಿದು ಹೋಯ್ತು. ಇಡೀ ಸಂಜೆ ಬೈದಳು. ಮನೇಲಿ ಇರೋರನ್ನ ಒಂದು ಮಾತು ಕೇಳಬಾರದಾ, ಇನ್ನು ಮೇಲೆ ಮನೇಲಿ ಇರೋರನ್ನ ಕೇಳದೆ ಏನೂ ಮಾಡಬೇಡ ಅಂದಳು. ಮೇಸ್ತ್ರಿನೂ ಹೌದು ಅಂದ, ಬಾಡಿಗೆಗೆ ಇರೋರಿಗೇ ಮನೆಯ ಹುಳುಕು ಗೊತ್ತಿರೋದು ಅಂದ.

ಮೂರನೇ ಮನೆ ಖಾಲಿ ಬಿದ್ದಿತ್ತು. ಬೆಟ್ಟಸ್ವಾಮಿ ಬಾಗಿಲು ತಳ್ಳಿ ನೋಡಿದ, ಒಳಗೆ ಯಾರೂ ಇಲ್ಲ. ಯಾರನ್ನ ಕೇಳೋದು? ಜಗಲಿ ಮೇಲೆ ಕೂತ. ಅವತ್ತೂ ಕೂತ, ಮಾರನೇ ದಿನ ಬೆಳಗ್ಗೆ ಹೋಗಿ ಮತ್ತೆ ಕೂತ. ಒಬ್ಬ ಮನುಷ್ಯ ಬಂದ, ಒಳಗೆಲ್ಲ ಓಡಾಡಿದ, ಹೋದ, ಮಧ್ಯಾಹ್ನ ಬೀಗ ತಂದು ಹಾಕಿಕೊಂಡ. ಮನೆ ಅವನ ಪಾಲಾಯ್ತು. ಅವನನ್ನಾದರೂ ಕೇಳಬಾರದಿತ್ತಾ ಅಂತ ದ್ಯಾವೀರಮ್ಮ ಅಂದರೆ, ಅವನು ಮನೇಲಿ ಇರೋನಲ್ಲ ಕಣವ್ವ, ಕೊಂಡ್ಕೊಳ್ಳೋಕೆ ಬಂದೋನು ಅಂದ. ಅವಳಿಗೆ ಬೈಯೋಕೂ ತ್ರಾಣ ಇರಲಿಲ್ಲ. ಒಲೆ ಮುಂದೆ ಕೂತು ಅತ್ತುಬಿಟ್ಟಳು.

ಇಂಥ ಹೊತ್ತಲ್ಲೇ ಗುರುಮಲ್ಲಪ್ಪ ಬಂದ. ಮನೆ ವ್ಯಾಪಾರ ಮಾಡೋ ಆಸಾಮಿ, ಮಾತು ಬೆಣ್ಣೆ. ತನ್ನದೊಂದು ಮನೆ ಇದೆ, ಎರಡು ಸಂಸಾರ ಬಾಡಿಗೆಗೆ ಇರಬಹುದು, ಹೊಸದಾಗಿ ಬಣ್ಣ ಹೊಡೆಸಿದ್ದೀನಿ ಅಂದ. ದ್ಯಾವೀರಮ್ಮ ಆಟೋದಲ್ಲಿ ಹೋಗಿ ನೋಡಿದಳು. ಗಿಣಿ ಹಸಿರು ಗೋಡೆ, ಗೋಡೆ ತುಂಬ ದೇವರ ಕ್ಯಾಲೆಂಡರು. ಕಣ್ಣು ತುಂಬಿ ಬಂತು. ಮೇಸ್ತ್ರಿ ಒಂದು ಸಲ ನೋಡಲಿ ಅಂದಳು. ನೋಡಲಿ, ಆದರೆ ನಾಳೆ ಇನ್ನೊಂದು ಪಾರ್ಟಿ ಬರುತ್ತೆ ಅಂದ ಗುರುಮಲ್ಲಪ್ಪ.

ಮೇಸ್ತ್ರಿ ಅವತ್ತು ಒಂದು ತಾರಸಿಗೆ ಮೋಲ್ಡ್ ಹಾಕಿಸ್ತಾ ಇದ್ದ, ಕಾಂಕ್ರೀಟು ಬಿಟ್ಟು ಬರೋ ಹಾಗಿಲ್ಲ. ಬೆಟ್ಟಸ್ವಾಮಿಗೇ ಹೇಳಿ ಕಳಿಸಿದ. ಹೊಸ ಬಣ್ಣ ಅಂದರೆ ಹುಷಾರು, ನೇತು ಹಾಕಿದ್ದನ್ನೆಲ್ಲ ಸರಿಸಿ ಹಿಂದೆ ನೋಡು. ಬಿರುಕಿದ್ದರೆ ಅದರ ಮೇಲೆ ಅಡ್ಡಕ್ಕೆ ಕಾಗದ ಅಂಟಿಸಿ ಎಂಟು ದಿನ ಮುಟ್ಟಬೇಡ. ಕಾಗದ ಹರೀದೆ ಇದ್ದರೆ ಹಳೇ ಬಿರುಕು, ಭಯ ಇಲ್ಲ. ಹರಿದರೆ ಗೋಡೆ ಇನ್ನೂ ಬಾಯಿ ಬಿಡ್ತಾ ಇದೆ, ಒಂದು ದಿನ ಬೀಳುತ್ತೆ.

ಬೆಟ್ಟಸ್ವಾಮಿ ವಾಪಸ್ಸು ಬರೋ ಹೊತ್ತಿಗೆ ದ್ಯಾವೀರಮ್ಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮೂರು ಮನೆ ಹೋಗಿದ್ದು ಸಾಕು, ಇದೂ ಹೋದರೆ ನಾನು ಬದುಕಿರೋದರೊಳಗೆ ಆಗೋದಲ್ಲ ಅಂತ, ಗುರುಮಲ್ಲಪ್ಪ ಬಿಟ್ಟು ಹೋಗಿದ್ದ ಕರಾರು ಪತ್ರಕ್ಕೆ ರುಜು ಹಾಕಿದಳು. ಇದನ್ನ ತಗಂಡು ಹೋಗಿ ಆ ಮನೇಲಿ ಕೊಟ್ಟು ಬಾ ಅಂತ, ಬುತ್ತೀಲಿ ಮೊಸರನ್ನ ಕಟ್ಟಿ ಮಗನ್ನ ಕಳಿಸಿದಳು.

ಬೆಟ್ಟಸ್ವಾಮಿ ಹೋದಾಗ ಗುರುಮಲ್ಲಪ್ಪ ಕಾಫಿಗೆ ಹೋಗಿದ್ದ, ಬಾಗಿಲು ತೆಗೆದೇ ಇತ್ತು. ಮೇಸ್ತ್ರಿ ಮಾತು ಮೀರೋದುಂಟಾ? ಒಂದೊಂದೇ ಕ್ಯಾಲೆಂಡರು ಸರಿಸಿ ನೋಡಿದ. ಹಿಂದುಗಡೆ ರೂಮಲ್ಲಿ ದೊಡ್ಡ ಕ್ಯಾಲೆಂಡರಿನ ಹಿಂದೆ ನೆಲದಿಂದ ಸೂರಿನವರೆಗೂ ಒಂದು ಬಿರುಕು, ಕಿರುಬೆರಳು ತೂರೋಷ್ಟು. ಕಾಗದ ಬೇಕಲ್ಲ ಈಗ. ಕೈಯಲ್ಲೇ ಒಂದು ಕಾಗದ ಇತ್ತು, ಅಚ್ಚುಕಟ್ಟಾಗಿ ಉದ್ದಕ್ಕೆ ಇತ್ತು. ಬುತ್ತಿ ಬಿಚ್ಚಿದ, ಅನ್ನದ ಅಗುಳು ಹಿಸುಕಿ ಅಂಟಿಸಿದ, ಮಿಕ್ಕಿದ್ದು ಉಂಡ, ಕ್ಯಾಲೆಂಡರು ಮೊದಲಿನ ಹಾಗೇ ಇಳಿಬಿಟ್ಟು ಮನೆಗೆ ಬಂದ. ಕೊಟ್ಯಾ ಅಂತ ಅವ್ವ ಕೇಳಿದಳು. ಆ ಮನೇಲೇ ಐತೆ ಕಣವ್ವ ಅಂದ.

ನಾಲ್ಕು ದಿನ ಆದ ಮೇಲೆ ಗುರುಮಲ್ಲಪ್ಪ ಕೆಂಡ ಕಾರಿಕೊಂಡು ಬಂದ. ಕರಾರು ಪತ್ರ ಎಲ್ಲಿ, ಹೆಂಗಸು ಅಂತ ನಂಬಿದರೆ ಆಟ ಆಡಿಸ್ತೀಯಾ ಅಂದ. ಇಡ್ಲಿ ತಿನ್ನುತ್ತಾ ಇದ್ದ ಮೇಸ್ತ್ರಿ ಕೈ ತೊಳೆದುಕೊಂಡು ಎದ್ದ. ಎಲ್ಲರೂ ಆ ಮನೆಗೆ ಹೋದರು. ಬೆಟ್ಟಸ್ವಾಮಿ ಹೆಮ್ಮೆಯಿಂದ ಕ್ಯಾಲೆಂಡರು ಎತ್ತಿ ತೋರಿಸಿದ. ಕರಾರಿನ ಛಾಪಾ ಕಾಗದ ನಡುಮಧ್ಯಕ್ಕೆ ಸೀಳಿತ್ತು. ದ್ಯಾವೀರಮ್ಮನ ರುಜುವಿನಲ್ಲಿ ದ್ಯಾವೀ ಬಿರುಕಿನ ಆಚೆ, ರಮ್ಮ ಈಚೆ.

ದ್ಯಾವೀರಮ್ಮ ಮಗನ ಬೆನ್ನಿಗೆ ಒಂದು ಬಿಟ್ಟಳು. ಇನ್ನೊಂದು ಬಿಡೋಕೆ ಕೈ ಎತ್ತಿದಾಗ ಮೇಸ್ತ್ರಿ ಅಡ್ಡ ಬಂದ.

"ಹೊಡೀಬೇಡಕ್ಕ. ಇಟ್ಟಿಗೆಗೆ ಮಣ್ಣು ತೆಗೆದಿದ್ದ ಗುಂಡಿ ಜಾಗ ಇದು, ಗುರುಮಲ್ಲಪ್ಪ ಕಸ ತುಂಬಿ ಮೇಲೆ ಕಟ್ಟವ್ನೆ. ಇನ್ನೊಂದು ಮಳೆಗಾಲ ನಿಲ್ಲಲ್ಲ ಈ ಮನೆ. ನಿನ್ನ ಮಗ ನಿನ್ನ ಕಾಪಾಡವ್ನೆ."

ಗುರುಮಲ್ಲಪ್ಪನಿಗೆ ಅರ್ಜೆಂಟಾಗಿ ಎಲ್ಲಿಗೋ ಹೋಗೋದಿತ್ತು, ಹೋದ. ಮೇಸ್ತ್ರಿಗೆ ನಾಚಿಕೆ ಆಗಿತ್ತು. ಇಷ್ಟು ದಿನ ಸಾರವೆ ಮೇಲಿಂದ ಉಪದೇಶ ಮಾಡಿದ್ದು ಸಾಕು ಅಂತ ತಾನೇ ಜೊತೆಗೆ ಓಡಾಡಿ, ಗಟ್ಟಿ ಪಾಯದ ಒಂದು ಪುಟ್ಟ ಮನೆ ಗೊತ್ತು ಮಾಡಿಕೊಟ್ಟ. ಬೆಟ್ಟಸ್ವಾಮಿಯ ಬೆನ್ನು ತಟ್ಟಿ, ಶಭಾಷ್ ಕಣ್ಲಾ, ಇನ್ನು ಮೇಲೆ ಎಲ್ಲಿ ಬಿರುಕು ಕಂಡರೂ ಹಿಂಗೇ ಮಾಡು ಅಂದ. ಯಾರಾದರೂ ಹೇಳೋ ಮಾತಾ ಅದು?

ನೋಂದಣಿ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಬೆಳಗಿನ ವ್ಯಾಪಾರ ಮುಗಿಸಿ ದ್ಯಾವೀರಮ್ಮ ಒಂದು ಗಳಿಗೆ ಬೆಂಚಿನ ಮೇಲೆ ಅಡ್ಡಾದಳು, ನಿದ್ದೆ ಹತ್ತಿತು. ಎದ್ದು ಕಾಲು ಇಳಿಬಿಡೋಕೆ ಹೋದರೆ ಮಗ ಕಾಲು ಗಟ್ಟಿಯಾಗಿ ಹಿಡಿದುಕೊಂಡ. ನೋಡ್ತಾಳೆ, ಎರಡು ಹಿಮ್ಮಡಿಗೂ ಅನ್ನದ ಅಗುಳು ಮೆತ್ತಿ ಪೇಪರಿನ ಚೂರು ಅಂಟಿಸವ್ನೆ. ಒಲೆ ಮುಂದೆ ಮೂವತ್ತು ವರ್ಷ ನಿಂತ ಹಿಮ್ಮಡಿ, ಬಿರುಕಿಲ್ಲದೆ ಇರುತ್ತಾ?

"ಎಂಟು ದಿನ ಮುಟ್ಟಬಾರದು ಕಣವ್ವ. ಹರೀದೆ ಇದ್ರೆ ನೀನು ಬೀಳಲ್ಲ."

ದ್ಯಾವೀರಮ್ಮ ಬೈಯೋಕೆ ಬಾಯಿ ತೆರೆದಳು. ನಾನು ಬಿದ್ದರೆ ಇವನ ಗತಿಯೇನು ಅಂತ ನಾನು ಹೆದರಿದ ಹಾಗೇ ಇವನೂ ಹೆದರಿದ್ದನಾ ಅಂತ ಅವಳಿಗೆ ಅವತ್ತೇ ಹೊಳೆದಿದ್ದು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಮೂರು ಗಂಟೆಗೆ ಹೋಗಬೇಕಲ್ಲಪ್ಪ, ನಡೀದೆ ಹೆಂಗೆ ಅಂತ ಕೇಳಿದಳು. ಅದಕ್ಕೇನು ಅಂತ ಮಗ ಅವಳನ್ನ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಎರಡು ಮೂಟೆ ಹೊರೋನಿಗೆ ಅವ್ವ ಒಂದು ಭಾರವಾ? ಕಾಗದ ಅಲುಗಾಡದ ಹಾಗೆ ಎರಡು ಪಾದಾನೂ ಎರಡು ಕೈಯಲ್ಲಿ ಹಿಡಿದು, ಪೇಟೆ ಬೀದಿ ನಡುವೆ ನಡೆದ. ಆಫೀಸಿನ ಬಾಗಿಲಲ್ಲಿ ಮೇಲಿನ ಪಟ್ಟಿ ತಾಗದ ಹಾಗೆ ದ್ಯಾವೀರಮ್ಮ ತಲೆ ಬಗ್ಗಿಸಿದಳು. ಸಾಹೇಬರು ಇಳಿಸಪ್ಪ ಅಂದರು. ಇಳಿಸಲ್ಲ ಸಾರ್, ಇನ್ನೂ ಎಂಟು ದಿನ ಐತೆ ಅಂದ. ಅವಳು ಅಲ್ಲಿಂದಲೇ ರುಜು ಹಾಕಿದಳು. ಆಮೇಲೆ ಫೋಟೋ ತೆಗೆಯೋ ಗುಮಾಸ್ತ, ಮನೆ ಕೊಂಡೋರು ಬಂದು ಇಲ್ಲಿ ನೆಟ್ಟಗೆ ನಿಲ್ಲಿ, ಅಲುಗಾಡಬೇಡಿ ಅಂತ ಕಂಪ್ಯೂಟರಿಂದ ತಲೆ ಎತ್ತದೆ ಹೇಳಿದ. ಬೆಟ್ಟಸ್ವಾಮಿ ನೆಟ್ಟಗೆ ನಿಂತ, ಅಲುಗಾಡಲಿಲ್ಲ. ಬೇಕಿದ್ದರೆ ಹೋಗಿ ಕೇಳಿ ನೋಡಿ, ಆ ಕ್ರಯಪತ್ರದಲ್ಲಿ ಕೊಂಡವರ ಫೋಟೋ ಇರಬೇಕಾದ ಕಡೆ ಬೆಟ್ಟಸ್ವಾಮಿಯ ಹಲ್ಲು ಕಿರಿದ ಮುಖ ಇದೆ, ಆ ಕಡೆ ಈ ಕಡೆ ಪೇಪರು ಅಂಟಿಸಿದ ಎರಡು ಕಾಲು.