ಸಾನ್ನದ ಹಿಟ್ಟು ಮತ್ತು ಮುಚ್ಚಳ

ಇಡ್ಲಿಯಂಥ ಸಾನ್ನಕ್ಕೆಂದು ಶೇಂದಿ ಬೆರೆಸಿದ ಹಿಟ್ಟಿನ ಮೇಲೆ ಬೆರಳಿನಿಂದ ಶಿಲುಬೆ ಎಳೆದು, ಮುಚ್ಚಳ ಮುಚ್ಚಿ, ಕಾರ್ಮಿನ್ ಬಾಯಮ್ಮ ಹಬ್ಬದ ಬಲಿಪೂಜೆಗೆಂದು ಇಗರ್ಜಿಗೆ ಹೋದರು. ಮುಚ್ಚಳಕ್ಕೆ ಎದೆ ಡವಡವ.

"ಬಾಯಮ್ಮ ನಮ್ಮನ್ನು ಮರೆತೇಬಿಟ್ಟರು! ಉಬ್ಬಬೇಡ ತಮ್ಮಾ, ಅವರು ಬಾರದಿದ್ದರೆ ಹುಳಿಯಾಗಿ ಚರಂಡಿ ಸೇರುತ್ತೀಯೆ," ಎಂದು ಅದು ಬಿಗಿಯಾಗಿ ಒತ್ತಿ ಕೂತಿತು.

ಹಿಟ್ಟಿಗೆ ಗುಳುಗುಳು ನಗು. "ಶಿಲುಬೆ ಎಳೆದವರು ಅರ್ಧಕ್ಕೆ ಬಿಡುವುದಿಲ್ಲ ಅಣ್ಣಾ. ನಾನಂತೂ ಉಬ್ಬುವವನೇ!"

ನಕ್ಕಷ್ಟೂ ಉಬ್ಬಿತು, ಉಬ್ಬಿದಷ್ಟೂ ನಕ್ಕಿತು. "ಅಯ್ಯೋ, ಬಿದ್ದೆ!" ಎನ್ನುತ್ತ ಮುಚ್ಚಳ ಠಣ್ಣನೆ ನೆಲಕ್ಕುರುಳಿ, ಗಿರಗಿರ ತಿರುಗಿ ಅಂಗಾತ ಬಿತ್ತು. ಅಷ್ಟು ಹೊತ್ತೂ ಪಾತ್ರೆಯೊಳಗಿನ ಕತ್ತಲನ್ನೇ ನೋಡುತ್ತಿದ್ದ ಅದಕ್ಕೆ ಈಗ ಎದುರಿನ ಒಲೆ ಕಂಡಿತು. ಅಲ್ಲಿ ಹಬೆಪಾತ್ರೆ ಆಗಲೇ ಏರಿತ್ತು. ಬಾಯಮ್ಮ ಹೊರಡುವ ಮುಂಚೆಯೇ ಎಣ್ಣೆ ಸವರಿಟ್ಟ ಬಟ್ಟಲುಗಳು ಪಕ್ಕದಲ್ಲಿ ಸಾಲಾಗಿ ಕಾಯುತ್ತಿದ್ದವು.

"ಉಬ್ಬು ತಮ್ಮಾ, ಉಬ್ಬು!" ಎಂದು ಕೂಗುತ್ತ ಮುಚ್ಚಳ ಮತ್ತೊಂದು ಸುತ್ತು ಗಿರ್ರನೆ ತಿರುಗಿತು.