ಜಗಲಿಯ ಪಾದ್ರಿ

“ಗುರುಗಳೇ, ನನ್ನ ಸೇವೆಯಲ್ಲಿ ತಪ್ಪಿದ್ದರೆ ಇಷ್ಟರಲ್ಲಿ ಯಾರಾದರೂ ಹೇಳುತ್ತಿರಲಿಲ್ಲವೇ?” ಎಂದು ಎಲೀಶ ಕೇಳಿದ. ಅವನು ಹೊಳೆಯಾಚೆಯ ಕೇರಿಯಲ್ಲಿ ಹಲವು ವರ್ಷಗಳಿಂದ ಉಪದೇಶಿಯಾಗಿದ್ದ. ಅಲ್ಲಿ ಒಬ್ಬರೂ ಅವನಿಗೆ ಎದುರಾಡಿರಲಿಲ್ಲ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಕಡಲಾಚೆಯ ದೇಶದಿಂದ ಒಬ್ಬ ಪಾದ್ರಿ ಒಂದು ಗುಡ್ಡಗಾಡಿಗೆ ಬಂದ. ಬಂದಾಗ ಅವನಿಗಿನ್ನೂ ಹುಡುಗುಪ್ರಾಯ. ಆ ಗುಡ್ಡದ ಜನಕ್ಕೆ ಅವರದೇ ಒಂದು ನುಡಿಯಿತ್ತು. ಆ ನುಡಿಯಲ್ಲಿ ಪುಸ್ತಕವಿರಲಿಲ್ಲ. ಸತ್ಯವೇದವನ್ನು ಅದಕ್ಕೆ ತರಬೇಕು, ಆಮೇಲೆ ದೇವರು ಯಾವಾಗ ಕರೆದರೂ ಹೋಗುತ್ತೇನೆ ಎಂದು ಅವನು ನಿಶ್ಚಯಿಸಿದ. ಅವನಿಗೆ ಬೇರೆ ಆಸೆ ಇರಲಿಲ್ಲ.

ಆ ವರ್ಷ ಬೆಳೆ ಕೈಕೊಟ್ಟಿತ್ತು. ಒಂದು ಮನೆಯವರು ಅವನನ್ನು ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಇದ್ದ ಒಂದೇ ಮುದ್ದೆಯನ್ನು ಬಡಿಸಲು ಹೊರಟರು. ಮಕ್ಕಳು ಅದನ್ನೇ ನೋಡುತ್ತಿದ್ದವು. ಪಾದ್ರಿ ಎದ್ದು ಹೊರಗೆ ಬಂದ. ಈ ಜನರ ಬಾಯಿಂದ ಒಂದು ತುತ್ತನ್ನೂ ಕಸಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ.

ಒಳ್ಳೆಯ ಪ್ರತಿಜ್ಞೆಯೇ. ಆದರೆ ಬೆಳೆ ಚೆನ್ನಾಗಿ ಬಂದ ಮೇಲೂ ಅವನು ಅದನ್ನು ಬಿಡಲಿಲ್ಲ. ಔಷಧಿ ಕೊಟ್ಟ, ಶಾಲೆ ಕಟ್ಟಿಸಿದ, ಸಿಡುಬು ಬಂದಾಗ ಹೆಣ ಹೊತ್ತ. ಯಾರಾದರೂ ಊಟಕ್ಕೆ ಒಳಗೆ ಕರೆದರೆ ನಕ್ಕು ಜಗಲಿಯಲ್ಲೇ ಕೂರುತ್ತಿದ್ದ. ಆಮೇಲೆ ಮದುವೆಯಾಗಿ ಬಂದ ಅವನ ಹೆಂಡತಿಗೆ ಒಳಗೆ ಹೋಗಿ ಹೆಂಗಸರ ಜೊತೆ ಕೂರುವ ಆಸೆಯಿತ್ತು, ಅವಳನ್ನೂ ತಡೆದ. ಕೆಟ್ಟವರ ಹಟವನ್ನಾದರೂ ಬಿಡಿಸಬಹುದು, ಒಳ್ಳೆಯವರ ಹಟ ಬಿಡಿಸುವುದು ಬಹಳ ಕಷ್ಟ.

ಆ ಜನರಲ್ಲಿ ಒಂದು ಪದ್ಧತಿಯಿತ್ತು. ಒಲೆಯ ಮುಂದೆ ಕೂತು ಉಂಡವನು ಮನೆಯವನು. ಅವನನ್ನು ಬೈಯಬಹುದು, ಗೇಲಿ ಮಾಡಬಹುದು, ತಿದ್ದಬಹುದು. ಜಗಲಿಯಲ್ಲಿ ಕೂತವನು ಅತಿಥಿ. ಅತಿಥಿ ಏನು ಹೇಳಿದರೂ ಹೂಂ ಅನ್ನಬೇಕು, ಅವನ ಮಾತಿನಲ್ಲಿ ಕೊಂಕು ತೆಗೆಯಬಾರದು. ಪಾದ್ರಿಗೆ ಇದನ್ನು ಯಾರೂ ತಿಳಿಸಲಿಲ್ಲ. ಅತಿಥಿಗೆ ಅದನ್ನೂ ಹೇಳುವಂತಿರಲಿಲ್ಲ.

ನುಡಿ ಕಲಿಸಲು ಅವನಿಗೆ ಸಿಕ್ಕವನು ಕೆಳಗಿನ ಊರಿಂದ ಕಂದಾಯ ವಸೂಲಿಗೆ ಬರುತ್ತಿದ್ದ ಶಾನುಭೋಗ. ಆ ಸೀಮೆಯಲ್ಲಿ ಓದುಬರಹ ಬಲ್ಲವನು ಅವನೊಬ್ಬನೇ. ಪಾದ್ರಿ ಶ್ರದ್ಧೆಯಿಂದ ಕಲಿತ. ಒಂದೊಂದು ಅಧ್ಯಾಯ ಮುಗಿದಾಗಲೂ ಜಗಲಿಯಿಂದ ಜಗಲಿಗೆ ಹೋಗಿ ಓದಿ ಹೇಳಿ, ಸರಿಯಾಗಿದೆಯೇ ಎಂದು ಕೇಳುತ್ತಿದ್ದ. ಎಲ್ಲರೂ ಸರಿಯಾಗಿದೆ ಎನ್ನುತ್ತಿದ್ದರು. ಅವನು ಹೆಂಡತಿಯನ್ನು ಮಣ್ಣು ಮಾಡಿದ ದಿನ ಇಡೀ ಊರು ಬಂದು ಬೇಲಿಯಾಚೆ ಕೈಮುಗಿದು ನಿಂತಿತು. ಒಬ್ಬರೂ ಹತ್ತಿರ ಬಂದು ಅವನ ಭುಜ ಮುಟ್ಟಲಿಲ್ಲ. ಅದನ್ನು ಅವನು ಮರ್ಯಾದೆ ಎಂದುಕೊಂಡ.

ತಲೆ ಪೂರ್ತಿ ನರೆತ ಮೇಲೆ ಪುಸ್ತಕ ಅಚ್ಚಾಗಿ ಬಂತು. ಪಾದ್ರಿ ಅದನ್ನು ಎದೆಗವಚಿಕೊಂಡು ಅತ್ತ. ಮನೆಮನೆಗೆ ತಾನೇ ಹೊತ್ತು ಹಂಚಿದ. ಜನ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟರು.

ಹಾಗೆ ಹಂಚುತ್ತ ಹೋದವನು ಒಂದು ಮಧ್ಯಾಹ್ನ ಜ್ವರ ಏರಿ ಒಬ್ಬ ವಿಧವೆಯ ಅಂಗಳದಲ್ಲಿ ಬಿದ್ದ. ಆಕೆ ಅವನನ್ನು ಒಳಗೆಳೆದುಕೊಂಡು ಒಲೆಯ ಮುಂದೆ ಮಲಗಿಸಿದಳು, ಗಂಜಿ ಕುಡಿಸಿದಳು. ಬೇಡವೆನ್ನುವ ತ್ರಾಣ ಅವನಲ್ಲಿರಲಿಲ್ಲ. ಮರುದಿನ ಸ್ವಲ್ಪ ಚೇತರಿಸಿಕೊಂಡ. ಆಕೆಯ ಉಪಕಾರ ತೀರಿಸಬೇಕೆಂದು ಪುಸ್ತಕ ತೆರೆದು, ದೇವರು ತನ್ನ ಜನರನ್ನು ಹತ್ತಿರ ಕರೆಯುವ ಭಾಗವನ್ನು ಓದತೊಡಗಿದ. ಆಕೆ ಒಲೆ ಊದುವುದನ್ನು ನಿಲ್ಲಿಸಿದಳು.

“ಅಣ್ಣಾ, ನಿನ್ನ ದೇವರು ಯಾಕೆ ಹಿಂಗೆ ಗದರ್ತಾನೆ? ಇದು ಕಂದಾಯ ಕೇಳೋರ ಮಾತು. ಇದನ್ನ ಕೇಳಿದ್ರೆ ನಮ್ಮ ಮಕ್ಕಳು ಹಿತ್ತಲಿಗೆ ಓಡಿಹೋಗ್ತವೆ.”

ಪಾದ್ರಿ ಪುಸ್ತಕವನ್ನು ಕೆಳಗಿಟ್ಟ. ಶಾನುಭೋಗನಿಗೆ ಆ ನುಡಿಯಲ್ಲಿ ಬರುತ್ತಿದ್ದದ್ದು ಆ ಒಂದೇ ಬಗೆಯ ಮಾತು. ಮಗುವನ್ನು ಕರೆಯುವ ಮಾತು, ನೊಂದವರನ್ನು ಸಂತೈಸುವ ಮಾತು ಆ ಊರಿನಲ್ಲಿ ಒಲೆಯ ಮುಂದೆ ಮಾತ್ರ ಕೇಳಿಸುತ್ತಿತ್ತು. ಅವನ ಪುಸ್ತಕದಲ್ಲಿ ದೇವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಕಿ ವಸೂಲಿ ಮಾಡುತ್ತಿದ್ದ.

ಇಷ್ಟು ವರ್ಷ ನಿಮ್ಮೆಲ್ಲರ ಮುಂದೆ ಓದಿದೆನಲ್ಲ, ಒಬ್ಬರಾದರೂ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

“ಆಗ ನೀವು ಅತಿಥಿ,” ಎಂದಳು ಆಕೆ. “ನಿನ್ನೆ ನಮ್ಮ ಗಂಜಿ ಕುಡಿದೆಯಲ್ಲ.”

ಪಾದ್ರಿ ಮುಖ ಮುಚ್ಚಿಕೊಂಡ. ಹೆಂಡತಿಯ ಆಸೆ ನೆನಪಾಯಿತು. ಅವಳೊಬ್ಬಳನ್ನು ಒಳಗೆ ಹೋಗಲು ಬಿಟ್ಟಿದ್ದರೆ ಸಾಕಿತ್ತು ಎಂದು ಹಲುಬಿದ.

ಆಮೇಲೆ ಅದೇ ಒಲೆಯ ಮುಂದೆ ಕೂತು ಮೊದಲಿಂದ ಶುರುಮಾಡಿದ. ಆಕೆ ತಿದ್ದಿದಳು, ಬೈದಳು, ಬಿದ್ದು ಬಿದ್ದು ನಕ್ಕಳು. ಅಷ್ಟು ಸುಖವನ್ನು ಅವನು ಆ ಊರಿನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಆದರೆ ವಯಸ್ಸಾಗಿತ್ತು. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಜ್ವರ ಮರಳಿತು; ಈ ಸಲ ಏಳಲಿಲ್ಲ. ಆ ಒಂದು ಅಧ್ಯಾಯವನ್ನು ಗುಡ್ಡದ ತಾಯಂದಿರು ಈಗಲೂ ಮಕ್ಕಳನ್ನು ಮಲಗಿಸುವಾಗ ಹೇಳುತ್ತಾರೆ. ಉಳಿದದ್ದೆಲ್ಲ ಅಟ್ಟದ ಮೇಲಿದೆ. ಅತಿಥಿ ಕೊಟ್ಟದ್ದೆಂದು ಯಾರೂ ಅದನ್ನು ಬಿಸಾಡಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಪಾಪ, ಅವನ ಜೀವಮಾನವೇ ಹಾಗೆ ಕಳೆದುಹೋಯಿತಲ್ಲ ಎಂದು ಎಲೀಶ ಮರುಗಿದ. ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

“ಆ ಕೇರಿಯಲ್ಲಿ ನೀನು ಯಾರ ಮನೆಯಲ್ಲಿ ಉಂಡಿದ್ದೀಯ, ಎಲೀಶ?”