ಕರಿಮಟ್ಟಿ ಅಜ್ಜನವರ ಗುಳಿಗೆ

ಕರಿಮಟ್ಟಿಯ ಮಠವೆಂದರೆ ಒಂದು ಹಂಚಿನ ಮಾಡು, ಸಗಣಿ ಸಾರಿಸಿದ ಪಡಸಾಲೆ, ಅಷ್ಟೇ. ಅಲ್ಲಿ ಪೂಜ್ಯ ಮುಪ್ಪಿನೇಶ್ವರ ಅಜ್ಜನವರು ಕಂಬಳಿಯ ಮೇಲೆ ಕುಳಿತು ಭಕ್ತರ ಸುಖದುಃಖ ಕೇಳುತ್ತಿದ್ದರು. ಅಂದು ಬೆಳಿಗ್ಗೆ ಸಾವಂತ್ರೆವ್ವ ಮಗಳು ಸುನಂದಾಳನ್ನು ಕರೆದುಕೊಂಡು ಬಂದಳು. ಪಾಪ, ಆ ತಾಯಿಗೆ ಕುಂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮರುದಿನ ಹುಡುಗಿಯನ್ನು ನೋಡಲು ಗಂಡಿನವರು ಬರುವವರಿದ್ದರು.

ಸುನಂದಾಳಿಗೆ ಮೂರ್ಛೆರೋಗವಿತ್ತು. ಪಟ್ಟಣದ ಡಾಕ್ಟರರು ತಲೆಗೆ ತಂತಿ ಹಚ್ಚಿ ಪರೀಕ್ಷಿಸಿ, ಸ್ಕ್ಯಾನ್ ತೆಗೆಸಿ, ಚಿಕ್ಕಂದಿನಲ್ಲಿ ಮಿದುಳಿಗೆ ಏರಿದ ಜ್ವರ ಬಿಟ್ಟುಹೋದ ಕಲೆಯೇ ಇದಕ್ಕೆ ಕಾರಣವೆಂದಿದ್ದರು. ಗುಳಿಗೆ ನುಂಗುತ್ತ ಎರಡು ವರ್ಷ ಆರಾಮಾಗಿದ್ದಳು. ಆದರೆ ಗಂಡಿನವರ ಕಣ್ಣಿಗೆ ಆ ಗುಳಿಗೆ ಬಿದ್ದರೆ? ತಾಯಿ ಮೂರು ದಿನದಿಂದ ಅವನ್ನು ನಿಲ್ಲಿಸಿಬಿಟ್ಟಿದ್ದಳು. ಅಜ್ಜನವರ ಕೈಯಿಂದ ದಾರ ಕಟ್ಟಿಸಿದರೆ ಎಲ್ಲ ಬಗೆಹರಿದಂತೆ ಎಂದು ಅವಳ ಎಣಿಕೆ.

"ಯಪ್ಪಾ, ಒಂದು ದಾರ ಕಟ್ರಿ," ಎನ್ನುವಷ್ಟರಲ್ಲೇ ಹುಡುಗಿ ದಡಕ್ಕನೆ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಜನ ಮುಗಿಬಿದ್ದರು. ಒಬ್ಬ ಕೈಗೆ ಕೀಲಿಕೈ ಹಿಡಿಸಲು ಓಡಿಬಂದ, ಇನ್ನೊಬ್ಬಳು ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಜಜ್ಜಿ ತಂದಳು. "ದೆವ್ವ ಬಡದೈತಿ," ಎಂದ ಮತ್ತೊಬ್ಬ.

"ದೂರ ಸರೀರಿ," ಎಂದರು ಅಜ್ಜನವರು. ಎದ್ದು ಬಂದು ಕಂಬಳಿ ಮಡಚಿ ಅವಳ ತಲೆಯ ಕೆಳಗಿಟ್ಟರು. ಕೈಕಾಲು ಅದುಮಲು ಯಾರನ್ನೂ ಬಿಡದೆ ಗಡಿಯಾರ ನೋಡುತ್ತ ಕುಳಿತರು. ನಡುಕ ನಿಲ್ಲುತ್ತಲೇ ಅವಳನ್ನು ಮಗ್ಗುಲಿಗೆ ಹೊರಳಿಸಿದರು. ಎರಡೇ ನಿಮಿಷ! ತಾಯಿಗೆ ಅದೊಂದು ಯುಗವಾಯಿತು.

"ಗುಳಿಗಿ ಬಿಡಿಸೀಯೇನವ್ವಾ?"

"ನಿಮ್ಮ ದಾರ ಇದ್ರ ಗುಳಿಗಿ ಯಾಕ್ರಿ ಯಪ್ಪಾ?" ಎಂದು ಸಾವಂತ್ರೆವ್ವ ತಲೆ ತಗ್ಗಿಸಿದಳು.

ಪೂಜ್ಯರು ಜೋಳಿಗೆಗೆ ಕೈಹಾಕಿ ಗುಳಿಗೆಯ ಹಾಳೆಯೊಂದನ್ನು ತೆಗೆದು ಎಲ್ಲರೆದುರು ಹಿಡಿದರು.

"ಹದಿನೆಂಟು ವರ್ಷದಿಂದ ನಾನೂ ನುಂಗತೀನಿ. ಆಗ ಪೂಜಾದಾಗ ಬೀಳತಿದ್ದೆ. ನೀವು ಸಮಾಧಿ ಅಂತ ತಿಳಕೊಂಡು ಆರತಿ ಎತ್ತಿದ್ರಿ. ಅದು ಸಮಾಧಿ ಅಲ್ಲ, ಇದ ಬ್ಯಾನಿ."

ಅಂದು ಆರತಿ ಎತ್ತಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಠದ ವ್ಯವಹಾರ ನೋಡುವ ಕಾರಭಾರಿಯಂತೂ ಓಡಿಬಂದು ಅಜ್ಜನವರ ಕಿವಿಯ ಬಳಿ ಬಗ್ಗಿದ.

"ಅಪ್ಪಾರ, ಜನ ಏನಂದಾರು?"

"ಅನ್ನಲಿ. ನನ್ನ ಮರ್ಯಾದಿಗೆ ಈ ಕೂಸಿನ ಜೀವ ತೆರಬೇಕೇನು?" ಎಂದ ಅಜ್ಜನವರು ತಾಯಿಯತ್ತ ತಿರುಗಿದರು. "ಇವತ್ತ ಡಾಕ್ಟರ ಹತ್ರ ಹೋಗು. ಅವರನ್ನ ಕೇಳದ ಒಂದು ಗುಳಿಗಿನೂ ಬಿಡಬ್ಯಾಡ."

ಸಾವಂತ್ರೆವ್ವಳಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು, ಅಷ್ಟೂ ಜನರ ನಡುವೆಯೇ ಗಂಡಿನ ಮನೆಗೆ ಫೋನ್ ಹಚ್ಚಿದಳು. ದನಿ ನಡುಗಲಿಲ್ಲ.

"ಅಣ್ಣಾರ, ನನ್ನ ಮಗಳಿಗೆ ಮೂರ್ಛಿರೋಗ ಐತ್ರಿ. ಗುಳಿಗಿ ತಗೋತಾಳ, ಮುಂದೂ ತಗೋತಾಳ. ಇದನ್ನ ತಿಳಕೊಂಡು ಬರೂದಿದ್ರ ನಾಳೆ ಬರ್ರಿ."